ಟ್ರೇಲರ್ ಗೋಡೆಯ ಮೇಲಿನ ಲೆಕ್ಕ

ಅಮ್ಮ ಅದೇ ಬ್ರೆಡ್ಡಿಗೆ ಎರಡನೇ ಸಲ ಬೆಣ್ಣೆ ಸವರುತ್ತಿದ್ದಳು.

ಹೆನ್ನಿ ಚಾಕಲೇಟ್ ಕಾಳಿನ ಡಬ್ಬಿಯನ್ನು ಅಮ್ಮನ ಕೈ ಹತ್ತಿರ ಸರಿಸಿದಳು. ಅಮ್ಮ ಕಾಳು ಉದುರಿಸಿ, ಬ್ರೆಡ್ಡನ್ನು ಮಡಚಿ ತಟ್ಟೆಯಲ್ಲಿಟ್ಟಳು.

"ಬಸ್ಸು ಎಷ್ಟೊತ್ತಿಗೆ?"

"ಏಳೂ ನಲವತ್ತಕ್ಕೆ. ದಿನಾ ಬರೋ ಹೊತ್ತಿಗೇ."

"ಹೂಂ. ಹೌದಲ್ಲ."

ಶುಕ್ರವಾರ ಅಪ್ಪನನ್ನು ಮಣ್ಣು ಮಾಡಿ ಬಂದಿದ್ದರು. ಶನಿವಾರ, ಭಾನುವಾರ ಮನೆ ತುಂಬ ಜನ. ಬಂದವರೆಲ್ಲ ಹ್ಯಾಮ್ ಬನ್ನು ತಂದಿದ್ದರು. ಇವತ್ತು ಸೋಮವಾರ. ಜನ ಹೋಗಿದ್ದರು, ಬನ್ನು ಉಳಿದಿತ್ತು.

ಅಪ್ಪನ ತಲೆಯೊಳಗೆ ಒಂದು ರಕ್ತನಾಳ ಒಡೆಯಿತು ಎಂದು ಡಾಕ್ಟರ್ ಹೇಳಿದ್ದರು. ಅವನಿಗೆ ಗೊತ್ತೇ ಆಗಿರುವುದಿಲ್ಲ ಎಂದೂ ಹೇಳಿದ್ದರು. ಅದು ಹೆನ್ನಿಗೆ ಅರ್ಥವಾಗಿತ್ತು. ಸೋಮವಾರ ಹೇಗೆ ಎಂದಿನ ಹಾಗೇ ಬಂತು ಎನ್ನುವುದು ಮಾತ್ರ ಅರ್ಥವಾಗಿರಲಿಲ್ಲ.

"ದೊಡ್ಡಪ್ಪನಿಗೆ ಕಾಫಿ ಕೊಟ್ಟು ಬಾ," ಎಂದಳು ಅಮ್ಮ. "ಟ್ರೇಲರಲ್ಲಿದ್ದಾನೆ."

"ನೀನೂ ಬಾರಮ್ಮ."

"ಆಮೇಲೆ ಬರ್ತೀನಿ."

ಅಪ್ಪ ಹೋದ ದಿನದಿಂದ ಅಮ್ಮ ಟ್ರೇಲರಿನೊಳಗೆ ಕಾಲಿಟ್ಟಿರಲಿಲ್ಲ.

ಟ್ರೇಲರ್ ಲಾಯದ ಪಕ್ಕ, ಗಾಳಿಗೆ ಮರೆಯಾಗಿ ನಿಂತಿತ್ತು. ಪಿಕಪ್ಪಿಗೆ ಸಿಕ್ಕಿಸಿ ಎಳೆಯುವ, ಮೂರು ಕುದುರೆ ಹಿಡಿಸುವ ಹಳೆಯ ಟ್ರೇಲರ್. ಅಪ್ಪ ಅಕ್ಟೋಬರಿನಲ್ಲಿ ಅದನ್ನು ತಂದು, "ಮುಂದಿನ ಕುದುರೆ ಜಾಗದಲ್ಲಿ ಮನೆ ಮಾಡ್ತೀನಿ" ಎಂದಿದ್ದ. ಹಿಂದೆ ಎರಡು ಕುದುರೆ, ಮುಂದೆ ಮೂರು ಜನ.

ಅದಕ್ಕೆ ಕಾರಣವಿತ್ತು. ಕಳೆದ ಬೇಸಿಗೆಯಲ್ಲಿ ಪೋನಿ ಕ್ಲಬ್ಬಿನ ಪಂದ್ಯಗಳಿಗೆ ಹೋದಾಗಲೆಲ್ಲ ಮೂವರೂ ಪಿಕಪ್ಪಿನ ಸೀಟಿನಲ್ಲೇ ಮಲಗಿದ್ದರು. ಒಮ್ಮೆ ಅಪ್ಪನ ಮೊಣಕಾಲು ಸ್ಟೀರಿಂಗಿಗೆ ತಗುಲಿ, ಹಾರ್ನ್ ಕೂಗಿ, ಮೈದಾನದಲ್ಲಿದ್ದ ನಲವತ್ತು ಕುದುರೆಗಳೂ ಒಟ್ಟಿಗೆ ಕೆನೆದಿದ್ದವು.

ಚಳಿಗಾಲವೆಲ್ಲ ಅಪ್ಪ ಟ್ರೇಲರಿನ ಒಳಗೋಡೆಗೆ ಹಲಗೆ ಹೊಡೆದ. ಮಾರ್ಚಿನಲ್ಲಿ ಬೆಂಚು ಮಾಡಿದ, ಕಿಟಕಿ ಕೂರಿಸಿದ. ಹಾಸಿಗೆಯ ಹಲಗೆಯೊಂದು ಬಾಕಿ ಇತ್ತು. ಟ್ರೇಲರಿನ ಮುಂಭಾಗ ಎತ್ತರದಲ್ಲಿ ಪಿಕಪ್ಪಿನ ಮೇಲೆ ಚಾಚಿಕೊಂಡಿರುತ್ತದೆ. ಅದಕ್ಕೆ ಎಲ್ಲರೂ ಕತ್ತು ಎನ್ನುತ್ತಾರೆ. ಹಾಸಿಗೆ ಬರಬೇಕಾದದ್ದು ಅಲ್ಲಿ, ಈ ಗೋಡೆಯಿಂದ ಆ ಗೋಡೆಯ ಕಡೆಗೆ ಅಡ್ಡಲಾಗಿ.

ಗೆರಿಟ್ ದೊಡ್ಡಪ್ಪ ಬೆಂಚಿನ ಮೇಲೆ ಕೂತು ಗೋಡೆಯನ್ನೇ ನೋಡುತ್ತಿದ್ದ. ಅವನು ಅಪ್ಪನ ಅಣ್ಣ. ಲೆತ್‌ಬ್ರಿಜ್‌ನಲ್ಲಿ ಮನೆ ಕಟ್ಟುವವನು. ಕುದುರೆ ಎಂದರೆ ಹತ್ತು ಹೆಜ್ಜೆ ದೂರ.

"ಬಾ ಮರಿ. ನಿಮ್ಮಪ್ಪ ಗೋಡೆ ತುಂಬ ಏನು ಬರೆದಿಟ್ಟಿದ್ದಾನೆ ನೋಡು."

ಅಪ್ಪನ ದಪ್ಪ ಪೆನ್ಸಿಲಿನ ಅಂಕಿಗಳು. ಬೆಂಚಿನ ಪಕ್ಕ 4.2. ಕಿಟಕಿಯ ಕೆಳಗೆ 9.1. ಬಾಗಿಲ ಹತ್ತಿರ ಒಂದರ ಕೆಳಗೊಂದು, ಎಚ್ 13.3, ಎಂ 16.1. ಕತ್ತಿನ ಗೋಡೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ, 18.3 + 1.1 = 20. 18.3ರ ಕೆಳಗೆ ಹಾಸಿಗೆ ಎಂದು ಬರೆದಿತ್ತು. 1.1ರ ಕೆಳಗೆ ಶೆಲ್ಫ್.

"ಹದಿನೆಂಟು ಇಂಚು ಅಂತಿಟ್ಟುಕೋ," ಎಂದ ದೊಡ್ಡಪ್ಪ. "ಅಂಥ ಹಾಸಿಗೇಲಿ ಬೆಕ್ಕು ಕೂಡ ಕಾಲು ಚಾಚಲ್ಲ. ಹದಿನೆಂಟು ಅಡಿ ಅಂತಿಟ್ಟುಕೋ. ತಲೆ ಇಲ್ಲಿದ್ದರೆ ಕಾಲು ಹಿಂದಿನ ಕುದುರೆ ಬಾಯಲ್ಲಿರುತ್ತೆ."

"ಸೆಂಟಿಮೀಟರ್ ಇರಬಹುದಾ? ಸ್ಕೂಲಲ್ಲಿ ನಮಗೆ ಅದೇ."

"ಹದಿನೆಂಟು ಸೆಂಟಿಮೀಟರಿಗೆ ನಿನ್ನ ಒಂದು ಬೂಟನ್ನ ಮಲಗಿಸಬಹುದು."

"ಎಚ್ ಅಂದ್ರೆ?"

"ಹೀಟರ್ ಇರಬೇಕು. ಎಂ ಅಂದ್ರೆ ಮಿರರ್." ದೊಡ್ಡಪ್ಪ ಕಾಫಿ ಗುಟುಕರಿಸಿದ. "ಅಳತೆ ಹೋಗಲಿ ಬಿಡು, ಕೂಡೋದೂ ತಪ್ಪು. ಹದಿನೆಂಟು ಪಾಯಿಂಟ್ ಮೂರಕ್ಕೆ ಒಂದು ಪಾಯಿಂಟ್ ಒಂದು ಸೇರಿಸಿದರೆ ಎಷ್ಟು?"

"ಹತ್ತೊಂಬತ್ತು ಪಾಯಿಂಟ್ ನಾಲ್ಕು."

"ಇವನು ಇಪ್ಪತ್ತು ಬರೆದಿದ್ದಾನೆ. ಸ್ಕೂಲಲ್ಲೂ ನನ್ನ ಪುಸ್ತಕ ನೋಡ್ಕೊಂಡೇ ಬರೀತಿದ್ದ, ಕಳ್ಳ."

ದೊಡ್ಡಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ಅವನು ಕಾಫಿ ಲೋಟದೊಳಗೆ ನೋಡತೊಡಗಿದ.

ಹೆನ್ನಿಯ ಕಿವಿ ಬಿಸಿಯಾಯಿತು. ದಿನಾ ಸಂಜೆ ಅವಳ ಹೋಂವರ್ಕ್ ನೋಡುತ್ತಿದ್ದವನು ಅಪ್ಪ. ಎಲ್ಲಿ ತಪ್ಪಿದೆ ಎಂದು ಹೇಳುತ್ತಿರಲಿಲ್ಲ. ತಪ್ಪಿದ ಸಾಲಿನ ಪಕ್ಕ ಬೆರಳಿಟ್ಟು ಸುಮ್ಮನೆ ಕೂರುತ್ತಿದ್ದ.

"ಅಪ್ಪನ ಲೆಕ್ಕ ತಪ್ಪಲ್ಲ."

"ತಪ್ಪೇ ಮರಿ. ಕಣ್ಣೆದುರಿಗೇ ಇದೆಯಲ್ಲ." ದೊಡ್ಡಪ್ಪ ಗೋಡೆಗೆ ಒರಗಿಸಿದ್ದ ಬರ್ಚ್ ಪ್ಲೈವುಡ್ಡಿನ ಹಲಗೆಯನ್ನು ತಟ್ಟಿದ. "ಇರೋದು ಇದೊಂದೇ. ಈ ದಪ್ಪದ್ದು ಈಗ ಅಂಗಡೀಲಿ ಸಿಗಲ್ಲ. ಹಾಸಿಗೆ, ಶೆಲ್ಫು ಎರಡೂ ಇದರಲ್ಲೇ ಬರಬೇಕು. ನಾಳೆ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಬೇಕು. ಅದಕ್ಕೇ ಇವತ್ತು ಅರವತ್ತಾರು ಇಂಚಿಗೆ ಕತ್ತರಿಸಿಬಿಡ್ತೀನಿ. ನಿಮ್ಮಿಬ್ಬರಿಗೆ ಅಷ್ಟು ಸಾಕು. ಮಿಕ್ಕ ಜಾಗದಲ್ಲಿ ಬಟ್ಟೆಗೆ ಕಪಾಟು."

ನಿಮ್ಮಿಬ್ಬರಿಗೆ. ಹೆನ್ನಿ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಂದು ಸಲ ಕೇಳಿಸಿಕೊಂಡಳು.

"ಅಪ್ಪ ಬರೆದ ಹಾಗೇ ಮಾಡು."

"ಏನು ಬರೆದಿದ್ದಾನೆ ಅಂತ ಗೊತ್ತಾದರೆ ತಾನೇ?"

"ನಾನು ಬರೋವರೆಗೂ ಕತ್ತರಿಸಬೇಡ ದೊಡ್ಡಪ್ಪ."

"ನೀನು ಬಂದು ಏನು ಮಾಡ್ತೀಯ?"

"ಲೆಕ್ಕ ಸರಿ ಮಾಡ್ತೀನಿ."

ದೊಡ್ಡಪ್ಪ ಅವಳನ್ನು ನೋಡಿದ. "ನಾಲ್ಕು ಗಂಟೆ. ಅದಾದ ಮೇಲೆ ಕಾಯಲ್ಲ."

ಹೆನ್ನಿ ಗೋಡೆಯ ಮೇಲಿದ್ದ ಅಂಕಿಗಳನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಬರೆದುಕೊಂಡಳು. ಗೇಟಿನ ಹತ್ತಿರ ಬಸ್ಸು ಹಾರ್ನ್ ಹೊಡೆಯಿತು.

ಶಾಲೆಯಲ್ಲಿ ಎಲ್ಲರೂ ತುಂಬ ಒಳ್ಳೆಯವರಾಗಿದ್ದರು. ಅದೇ ಕಷ್ಟವಾಗಿತ್ತು. ಸಾಲಿನಲ್ಲಿ ಯಾರೂ ತಳ್ಳಲಿಲ್ಲ. ಊಟದ ಹೊತ್ತಿಗೆ ಜೋಲೀನ್ ತನ್ನ ಚಾಕಲೇಟ್ ಪುಡಿಂಗನ್ನು ಹೆನ್ನಿಯ ಮುಂದಿಟ್ಟಳು. ಬೇರೆ ದಿನವಾಗಿದ್ದರೆ ಹೆನ್ನಿಯ ಪುಡಿಂಗನ್ನೇ ಕಿತ್ತುಕೊಳ್ಳುತ್ತಿದ್ದವಳು ಅವಳು.

"ನಂಗೆ ಬೇಡ."

"ತಗೋ. ನಿನ್ನ ಹತ್ರ ಒಳ್ಳೇದಾಗಿ ಇರಬೇಕು ಅಂತ ನಮ್ಮಮ್ಮ ಹೇಳಿದಾರೆ."

"ಎಷ್ಟು ದಿನ?"

ಜೋಲೀನ್ ಯೋಚಿಸಿದಳು. "ಹೇಳಿಲ್ಲ. ಈ ವಾರ ಪೂರ್ತಿ ಇರಬೇಕು."

ಹೆನ್ನಿ ನೋಟ್‌ಬುಕ್ ಹಿಡಿದು ಸಕಾಮೋಟೊ ಮಿಸ್ ಹತ್ತಿರ ಹೋದಳು. ಜೋಲೀನ್ ಪುಡಿಂಗ್ ಹಿಡಿದು ಹಿಂದೆಯೇ ಹೋದಳು.

"ಮಿಸ್, ಈ ಲೆಕ್ಕ ಯಾವ ಥರದಲ್ಲಾದ್ರೂ ಸರಿ ಆಗುತ್ತಾ?"

ಮಿಸ್ ನೋಡಿದರು. "ತಪ್ಪು," ಎಂದರು.

ಹೆನ್ನಿಗೆ ಬೇಸರವಾಯಿತು. ಜೊತೆಗೆ ಸ್ವಲ್ಪ ಹಗುರವೂ ಆಯಿತು. ಬೆಳಗಿನಿಂದ ಅವಳೊಂದಿಗೆ ಎಂದಿನ ಹಾಗೆ ಮಾತಾಡಿದವರು ಮಿಸ್ ಒಬ್ಬರೇ.

"ಇದು ಎಲ್ಲಿತ್ತು?"

"ನಮ್ಮ ಟ್ರೇಲರ್ ಗೋಡೆ ಮೇಲೆ. ಇನ್ನೂ ಇವೆ ಮಿಸ್." ಹೆನ್ನಿ ಹಾಳೆ ತಿರುಗಿಸಿದಳು.

ಮಿಸ್ ಎಲ್ಲವನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದರು. 4.2, 9.1, 13.3, 16.1, 18.3, 1.1. ಆಮೇಲೆ ಸೀಮೆಸುಣ್ಣ ಕೆಳಗಿಟ್ಟರು.

"ಏನಿದೆ ಅಂತ ನೋಡಬೇಡ. ಏನಿಲ್ಲ ಅಂತ ನೋಡು."

ಹೆನ್ನಿ ನೋಡಿದಳು. ಜೋಲೀನ್ ಕೂಡ ಚಮಚ ಬಾಯಲ್ಲಿಟ್ಟುಕೊಂಡು ನೋಡಿದಳು. ಚುಕ್ಕಿಯ ಆಚೆ ಐದಿರಲಿಲ್ಲ. ಏಳಿರಲಿಲ್ಲ. ಒಂಬತ್ತಿರಲಿಲ್ಲ.

"ಚುಕ್ಕಿ ಆದ ಮೇಲೆ ಯಾವುದೂ ಮೂರರ ಮೇಲೆ ಹೋಗೇ ಇಲ್ಲ."

"ಅಕಸ್ಮಾತ್ ಹಾಗಾಗಿರಬಹುದು. ಬೇಕಂತಲೇ ಆಗಿದ್ದರೆ? ಮೂರಕ್ಕೆ ಒಂದು ಸೇರಿ ನಾಲ್ಕಾದ ಕೂಡಲೇ ಏನಾಗುತ್ತೆ?"

ಹೆನ್ನಿ ನಿಧಾನವಾಗಿ ಹೇಳಿದಳು. "ನಾಲ್ಕು ಅಲ್ಲೇ ಕೂರಲ್ಲ. ಒಂದಾಗಿ ಈ ಕಡೆ ಬಂದುಬಿಡುತ್ತೆ. ಹದಿನೆಂಟು, ಒಂದು, ಆಮೇಲೆ ಈ ಒಂದು." ಅವಳು ಬೆರಳು ಮಡಚಿ ಎಣಿಸಿದಳು. "ಇಪ್ಪತ್ತು ಮಿಸ್."

"ಹಂಗಾದರೆ ಇದು ಡೆಸಿಮಲ್ ಅಲ್ಲ. ಎರಡು ಅಳತೆ ಮಧ್ಯೆ ಇಟ್ಟ ಬರೀ ಚುಕ್ಕಿ. ಚಿಕ್ಕ ಅಳತೆ ನಾಲ್ಕು ಸೇರಿದರೆ ದೊಡ್ಡದು ಒಂದು. ಅಂಥದ್ದು ಯಾವುದಿದೆ?"

"ಕಾಲು," ಎಂದಳು ಜೋಲೀನ್. "ನಾಲ್ಕು ಕಾಲು ಸೇರಿದರೆ ಒಂದು."

"ಪರವಾಗಿಲ್ವೇ. ಕಾಲು, ಅರ್ಧ, ಮುಕ್ಕಾಲು."

"ಅಲ್ಲ ಮಿಸ್. ಕುದುರೆ ಕಾಲು."

ಕ್ಲಾಸಿನಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಯಾರೋ ಹೆನ್ನಿಯ ಕಡೆ ನೋಡಿ ಶ್ ಎಂದರು. ಆದರೆ ಹೆನ್ನಿಯೂ ನಗುತ್ತಿದ್ದಳು. ನಗು ಬಂದದ್ದು ಅವಳಿಗೇ ಆಶ್ಚರ್ಯವಾಗಿತ್ತು.

"ನಂಗೂ ಗೊತ್ತಿಲ್ಲ ಹೆನ್ನಿ," ಎಂದರು ಮಿಸ್. "ಬರೆದವರನ್ನೇ ಕೇಳ..." ಎಂದು ತುಟಿ ಕಚ್ಚಿಕೊಂಡರು.

"ಪರವಾಗಿಲ್ಲ ಮಿಸ್," ಎಂದಳು ಹೆನ್ನಿ.

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳು ಕಿಟಕಿಯಾಚೆ ನಾಲ್ಕನ್ನು ಹುಡುಕಿದಳು. ಬೇಲಿಗೆ ನಾಲ್ಕು ತಂತಿ. ಟ್ರ್ಯಾಕ್ಟರಿಗೆ ನಾಲ್ಕು ಗಾಲಿ. ವ್ಯಾನ್‌ಡೈಕ್ ಅವರ ಹೊಲದಲ್ಲಿ ನಾಲ್ಕು ಕಣಜ, ಆದರೆ ಐದನೆಯದನ್ನು ಕಟ್ಟುತ್ತಿದ್ದರು. ಯಾವುದರಲ್ಲೂ ಹಾಸಿಗೆ ಅಳೆಯಲು ಬರುವಂತಿರಲಿಲ್ಲ.

ಲಾಯದ ಮುಂದೆ ದೊಡ್ಡಪ್ಪ ಬರ್ಚ್ ಹಲಗೆಯನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿದ್ದ. ಅರವತ್ತಾರು ಇಂಚಿಗೆ ನೇರವಾದ ಗೆರೆ ಎಳೆದಾಗಿತ್ತು.

"ಬಂತಾ ಲೆಕ್ಕ?"

"ಅರ್ಧ ಬಂತು."

"ಅರ್ಧ ಲೆಕ್ಕಕ್ಕೆ ಅರ್ಧ ಹಲಗೆ ಕತ್ತರಿಸಲಾ?" ದೊಡ್ಡಪ್ಪ ಗಡಿಯಾರ ನೋಡಿದ. "ಇನ್ನೂ ಹತ್ತು ನಿಮಿಷ ಇದೆ. ಅಷ್ಟರಲ್ಲಿ ಹಿಂದಿನ ಗೂಡಲ್ಲಿರೋ ಜೀನು, ಕಂಬಳಿ ಎಲ್ಲ ಹೊರಗೆ ಹಾಕು. ಅಲ್ಲಿ ಬೋಲ್ಟ್ ಬಿಗೀಬೇಕು. ಆ ಕುದುರೆ ಬೆವರು ನಾನು ಮುಟ್ಟಲ್ಲ."

ಹೆನ್ನಿ ಟ್ರೇಲರಿನ ಹಿಂದಿನ ಗೂಡಿನ ಬಾಗಿಲು ತೆಗೆದಳು. ಜೀನು ಇಳಿಸಿದಳು. ಲಗಾಮು ಇಳಿಸಿದಳು. ಕಂಬಳಿಗಳ ರಾಶಿಯನ್ನು ಎಳೆದಾಗ, ಅದರ ಹಿಂದೆ ಮೂಲೆಗೆ ನಿಲ್ಲಿಸಿದ್ದ ಉದ್ದನೆಯ ಕೋಲೊಂದು ವಾಲಿ ಅವಳ ಭುಜಕ್ಕೆ ಬಿತ್ತು.

ಅವಳಿಗಿಂತ ಉದ್ದದ, ಚೌಕನೆಯ ಮರದ ಕೋಲು. ಅದಕ್ಕೆ ಮೇಲೆ ಕೆಳಗೆ ಜಾರುವ ಒಂದು ಹಿತ್ತಾಳೆಯ ತೋಳು. ತೋಳಿನೊಳಗೆ ಪುಟ್ಟ ರಸಮಟ್ಟ, ಅದರಲ್ಲೊಂದು ಗಾಳಿಗುಳ್ಳೆ. ಕೋಲಿನ ಬುಡದಲ್ಲಿ ಕಾಯಿಸಿದ ಕಬ್ಬಿಣದಿಂದ ಸುಟ್ಟು ಬರೆದ ಹೆಸರು: ಡಾಟ್ ಪರ್ಡಿ.

ಕುದುರೆಯ ಎತ್ತರ ಅಳೆಯುವ ಕೋಲು. ಮಾರ್ಚಿನಲ್ಲಿ ಅಪ್ಪ ಅದನ್ನು ಮಿಸೆಸ್ ಪರ್ಡಿಯವರಿಂದ ಕೇಳಿ ತಂದಿದ್ದ. ಹೆನ್ನಿಯ ಕುದುರೆ ಟಾರ್ ಚಳಿಗಾಲದಲ್ಲಿ ಬೆಳೆದಿತ್ತು. ಇನ್ನೂ ಪೋನಿಗಳ, ಅಂದರೆ ಗಿಡ್ಡ ಕುದುರೆಗಳ, ಜೊತೆ ಆಡಬಹುದೋ ಇಲ್ಲವೋ ನೋಡಬೇಕಿತ್ತು.

ಆ ದಿನ ಅಂಗಳವೆಲ್ಲ ಕೆಸರು. "ಮೊದಲು ನೀನು ಬಾ ಇಲ್ಲಿ" ಎಂದು ಅಪ್ಪ ಅವಳನ್ನು ಟ್ರೇಲರಿನೊಳಗೆ ಬಾಗಿಲ ಪಕ್ಕ ನಿಲ್ಲಿಸಿದ್ದ. "ನಾಲ್ಕೂ ಕಾಲು ನೆಟ್ಟಗಿರಲಿ" ಎಂದಿದ್ದ. ಅವಳು ಕುದುರೆಯ ಹಾಗೆ ಮೂಗಿನಿಂದ ಬುಸುಗುಟ್ಟಿದ್ದಳು. "ಕುದುರೆಗಾದರೆ ಹೆಗಲ ಉಬ್ಬಿನವರೆಗೆ ಅಳೀತಾರೆ. ನಿನಗೆ ಪಾಪ ಅದಿಲ್ಲ, ತಲೇವರೆಗೇ ಅಳೀತೀನಿ" ಎಂದು ಅಪ್ಪ ಹಿತ್ತಾಳೆಯ ತೋಳನ್ನು ಅವಳ ನೆತ್ತಿಗೆ ಇಳಿಸಿದ್ದ. ತೋಳು ತಣ್ಣಗಿತ್ತು.

ಹೆನ್ನಿ ಕೋಲನ್ನು ಬೆಳಕಿಗೆ ಹಿಡಿದಳು. 13 ಎಂದು ದೊಡ್ಡ ಅಂಕಿ. ಅದರ ಮೇಲೆ ಪುಟ್ಟ ಗೆರೆ, ಇನ್ನೊಂದು ಪುಟ್ಟ ಗೆರೆ, ಮತ್ತೊಂದು. ಆಮೇಲೆ 14.

ಮೂರೇ ಗೆರೆ. ನಾಲ್ಕನೆಯದು ಬರುವ ಕಡೆ ಮುಂದಿನ ದೊಡ್ಡ ಅಂಕಿಯೇ ಕೂತಿತ್ತು.

ಕುದುರೆಯ ಎತ್ತರವನ್ನು ಯಾರೂ ಅಡಿಯಲ್ಲಿ ಹೇಳುವುದಿಲ್ಲ. ಹಿಡಿಯಲ್ಲಿ ಹೇಳುತ್ತಾರೆ. ದೊಡ್ಡವರ ಅಂಗೈಯನ್ನು ಅಡ್ಡವಾಗಿಟ್ಟರೆ, ಹೆಬ್ಬೆರಳೂ ಸೇರಿ ಎಷ್ಟು ಅಗಲವೋ ಅದು ಒಂದು ಹಿಡಿ. ಅಂದರೆ ನಾಲ್ಕು ಇಂಚು. ಹುಟ್ಟಿದಾಗಿನಿಂದ ಹೆನ್ನಿ ಅದನ್ನು ಕೇಳುತ್ತಲೇ ಬಂದಿದ್ದಳು. ಆದರೆ ಹಿಡಿಯಲ್ಲಿ ಅಳೆದ ಬೆಂಚನ್ನು ಅವಳು ನೋಡಿರಲಿಲ್ಲ.

ಅವಳು ಕೋಲು ಹಿಡಿದು ಓಡಿ ಟ್ರೇಲರಿನ ಮುಂಭಾಗಕ್ಕೆ ಹೋದಳು. ಕೋಲನ್ನು ನೆಲಕ್ಕೂರಿ ಬೆಂಚಿನ ಪಕ್ಕ ನಿಲ್ಲಿಸಿದಳು. ಬೆಂಚಿನ ಮೇಲಂಚು ನಾಲ್ಕು ದಾಟಿ ಎರಡು ಗೆರೆಗೆ ಬಂದಿತ್ತು. ಗೋಡೆಯ ಮೇಲೆ 4.2.

ಹೊರಗೆ ಗರಗಸದ ಮೋಟರು ಗುರ್ ಎಂದಿತು.

"ದೊಡ್ಡಪ್ಪ, ನಿಲ್ಲಿಸು. ನಿಲ್ಲಿಸು, ನಿಲ್ಲಿಸು."

ಮೋಟರು ನಿಂತಿತು. ಹೆನ್ನಿ ಏದುಸಿರು ಬಿಡುತ್ತ ಹೇಳಿದಳು. ದೊಡ್ಡಪ್ಪನಿಗೆ ಮೊದಲ ಸಲ ಅರ್ಥವಾಗಲಿಲ್ಲ. ಎರಡನೇ ಸಲ ಅವನು ಒಳಗೆ ಬಂದು ಬೆಂಚಿನ ಮುಂದೆ ಮಂಡಿಯೂರಿದ. ತನ್ನ ಅಂಗೈಯನ್ನು ನೆಲದಿಂದ ಮೇಲಕ್ಕೆ ಒಂದರ ಮೇಲೊಂದು ಇಡುತ್ತ ಹೋದ. ನಾಲ್ಕು ಸಲ. ಮೇಲೆ ಎರಡು ಇಂಚು ಉಳಿಯಿತು.

"ಅವನ ಟೇಪು ಏನಾಗಿತ್ತು?"

"ಜನವರೀಲಿ ಕಳ್ಕೊಂಡ. ಹಿಮ ಕರಗಿದ ಮೇಲೆ ಸಿಗುತ್ತೆ ಅಂತಿದ್ದ."

"ಹೊಸದು ತರಬಾರದಿತ್ತಾ?"

"ತರ್ತೀನಿ ತರ್ತೀನಿ ಅಂತಾನೇ ಇದ್ದ."

"ಕುದುರೆ ಅಳೆಯೋ ಕೋಲಲ್ಲಿ ಮನೆ ಕಟ್ಟಿದ್ದಾನೆ, ಹುಚ್ಚ," ಎಂದ ದೊಡ್ಡಪ್ಪ. ಆದರೆ ಮೆತ್ತಗೆ ಎಂದ.

ಅವನು ಪೆನ್ಸಿಲ್ ತೆಗೆದ. ಹದಿನೆಂಟು ನಾಲ್ಕಲೆ ಎಪ್ಪತ್ತೆರಡು. ಅದಕ್ಕೆ ಮೂರು, ಎಪ್ಪತ್ತೈದು ಇಂಚು. ಶೆಲ್ಫಿಗೆ ಐದು. ಒಟ್ಟು ಎಂಬತ್ತು. ಟೇಪನ್ನು ಕತ್ತಿನ ಈ ಗೋಡೆಯಿಂದ ಆ ಗೋಡೆಗೆ ಎಳೆದ. ಎಂಬತ್ತು.

"ಕೂದಲೆಳೆಯಷ್ಟೂ ತಪ್ಪಿಲ್ಲ." ಅವನು ಬೆಂಚಿನ ಮೇಲೆ ಕುಳಿತ. "ನಿಜ ಹೇಳ್ತೀನಿ ಮರಿ, ಪುಸ್ತಕ ನೋಡ್ಕೊಂಡು ಬರೀತಿದ್ದೋನು ಅವನಲ್ಲ. ನಾನು" ಎಂದ.

"ಹಾಗಾದ್ರೆ ಎಪ್ಪತ್ತೈದಕ್ಕೆ ಕತ್ತರಿಸು."

ದೊಡ್ಡಪ್ಪ ಟೇಪನ್ನು ಸುತ್ತಿದ. "ಅದು ಅವನ ಉದ್ದಕ್ಕೆ ಹೆನ್ನಿ. ಆರಡಿ ಒಂದಿಂಚು ಇದ್ದ. ಈಗ ಅಷ್ಟು ಬೇಕಾಗಲ್ಲ. ಅರವತ್ತಾರೇ ಮಾಡೋಣ. ಕಪಾಟಿದ್ದರೆ ನಿಮಗೇ ಉಪಯೋಗ."

ಹೆನ್ನಿ ಇದನ್ನು ಯೋಚಿಸಿರಲಿಲ್ಲ. ಲೆಕ್ಕ ಸರಿಯಾದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದಳು. ಲೆಕ್ಕ ಸರಿ ಇತ್ತು. ದೊಡ್ಡಪ್ಪ ಹೇಳಿದ್ದೂ ಸರಿ ಇತ್ತು.

"ತಡಿ, ಅಮ್ಮನ್ನ ಕೇಳ್ತೀನಿ."

ಅಮ್ಮ ಅಡುಗೆಮನೆಯಲ್ಲಿ ಸಿಂಕಿನ ಮುಂದೆ ನಿಂತಿದ್ದಳು. ನೀರು ಸುರಿಯುತ್ತಿತ್ತು. ಸಿಂಕಿನಲ್ಲಿ ಪಾತ್ರೆ ಇರಲಿಲ್ಲ.

"ಅಮ್ಮ, ಎಚ್ ಅಂದ್ರೆ ಹೀಟರ್ ಅಲ್ಲ. ಅದು ನಾನು. ಎಂ ಅಂದ್ರೆ ನೀನು, ಮರೈಕಾ."

"ಏನೇ ಅದು?"

"ಅಪ್ಪ ಬರೆದಿದ್ದು. ಕುದುರೆ ಕೋಲಲ್ಲಿ ಅಳೆದಿದಾನೆ. ಎಲ್ಲಾನೂ. ಬೆಂಚು, ಕಿಟಕಿ, ನನ್ನ, ನಿನ್ನ."

ಅಮ್ಮ ನಲ್ಲಿ ನಿಲ್ಲಿಸಿದಳು. "ನಾನು ಎಷ್ಟಿದ್ದೀನಂತೆ?"

"ಬಂದು ನೋಡು."

ಅಮ್ಮ ಕೋಟು ಹಾಕಿಕೊಳ್ಳಲಿಲ್ಲ. ಕೈ ಒರೆಸಿಕೊಳ್ಳಲಿಲ್ಲ. ಹಾಗೇ ಅಂಗಳ ದಾಟಿ ಬಂದು, ಟ್ರೇಲರಿನ ಮೆಟ್ಟಿಲು ಹತ್ತಿದಳು.

ಒಳಗೆ ಅವಳು ಮೊದಲು ಬೆಂಚು ನೋಡಿದಳು, ಕಿಟಕಿ ನೋಡಿದಳು. ಆಮೇಲೆ ಬಾಗಿಲ ಹತ್ತಿರದ ಎರಡು ಸಾಲುಗಳನ್ನು ನೋಡಿದಳು. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. ಹೆನ್ನಿ ಬೆಂಚು ಹತ್ತಿ ಹಿತ್ತಾಳೆಯ ತೋಳನ್ನು ಅಮ್ಮನ ತಲೆಗೆ ಇಳಿಸಿದಳು. ಹದಿನಾರು ದಾಟಿ ಒಂದು ಗೆರೆ.

"ಆವತ್ತು ಪಾತ್ರೆ ತೊಳೀತಿದ್ದೆ," ಎಂದಳು ಅಮ್ಮ. "ಕೈಯೆಲ್ಲ ನೊರೆ. ಹಾಗೇ ಎಳ್ಕೊಂಡು ಬಂದು ಇಲ್ಲಿ ನಿಲ್ಲಿಸಿದ. ನಾನು ಬೈದೆ."

ಅಷ್ಟು ಉದ್ದದ ಮಾತನ್ನು ಅಮ್ಮ ಆಡಿ ಒಂದು ವಾರವಾಗಿತ್ತು.

ದೊಡ್ಡಪ್ಪ ಕೆಮ್ಮಿದ. "ಮರೈಕಾ, ಹಾಸಿಗೆ ಎಷ್ಟಕ್ಕೆ ಕತ್ತರಿಸಲಿ? ಅವನು ಎಪ್ಪತ್ತೈದು ಬರೆದಿದ್ದಾನೆ. ನಿಮ್ಮಿಬ್ಬರಿಗೆ ಅರವತ್ತಾರು ಸಾಕು."

ಅಮ್ಮ ಕತ್ತಿನ ಗೋಡೆಯ ಮೇಲಿದ್ದ ದೊಡ್ಡ ಅಂಕಿಗಳ ಕಡೆ ತಲೆ ಎತ್ತಿದಳು. ಗಾಳಿಗೆ ಟ್ರೇಲರಿನ ತಗಡು ಒಮ್ಮೆ ಟಕ್ ಎಂದಿತು.

"ಬರೆದ ಹಾಗೇ ಕತ್ತರಿಸು ಗೆರಿಟ್."

"ಉದ್ದ ಹೆಚ್ಚಾಗುತ್ತೆ."

"ಹೆನ್ನಿ ಬೆಳೀತಾಳೆ," ಎಂದಳು ಅಮ್ಮ.

ದೊಡ್ಡಪ್ಪ ಹೊರಗೆ ಹೋಗಿ, ತಾನು ಎಳೆದಿದ್ದ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದ. ಹೊಸ ಗೆರೆ ಎಳೆದ. ಹೆನ್ನಿ ಹಲಗೆಯ ಆ ತುದಿ ಹಿಡಿದಳು, ಅಮ್ಮ ಈ ತುದಿ ಹಿಡಿದಳು. ಗರಗಸ ಓಡಿತು. ಮರದ ಹೊಟ್ಟು ಮೂವರ ತೋಳಿನ ಮೇಲೂ ಬಿತ್ತು.

ಅದರ ಮುಂದಿನ ಭಾನುವಾರ ಅಮ್ಮ ಪಿಕಪ್ಪಿಗೆ ಟ್ರೇಲರ್ ಸಿಕ್ಕಿಸಿದಳು. ಟಾರ್ ಹಿಂದೆ ಹತ್ತಿತು. ಕೋಲು ಹೊಸ ಹಾಸಿಗೆಯ ಮೇಲೆ ಮಲಗಿಕೊಂಡು ಬಂತು.

ಡಾಟ್ ಪರ್ಡಿ ತಮ್ಮ ಲಾಯದ ಮುಂದೆ ಕೈ ಕಟ್ಟಿ ನಿಂತಿದ್ದರು. ಎಪ್ಪತ್ತು ದಾಟಿದವರು. ಪೋನಿ ಕ್ಲಬ್ಬಿನ ಕುದುರೆಗಳ ಎತ್ತರ ನೋಡಿ ಸಹಿ ಹಾಕುವವರು ಅವರೇ. ಅಪ್ಪನನ್ನು ಮಣ್ಣು ಮಾಡುವ ದಿನ ಬಂದಿದ್ದರು. ಕೋಲಿನ ಮಾತು ಎತ್ತಿರಲಿಲ್ಲ. ಇವತ್ತು ಎತ್ತಿದರು.

"ಎರಡು ದಿನಕ್ಕೆ ಅಂತ ತಗೊಂಡು ಹೋದ ನಿಮ್ಮಪ್ಪ ಕೋರ್. ಎರಡು ತಿಂಗಳಾಗ್ತಾ ಬಂತು. ಎಷ್ಟಿತ್ತಂತೆ ಕುದುರೆ?"

ಹೆನ್ನಿ ಬಾಯಿ ತೆರೆದಳು. ಗೋಡೆಯನ್ನು ಮನಸ್ಸಿನಲ್ಲಿ ಒಂದು ಸುತ್ತು ನೋಡಿದಳು. ಬೆಂಚು, ಕಿಟಕಿ, ಅವಳು, ಅಮ್ಮ, ಹಾಸಿಗೆ, ಶೆಲ್ಫ್.

"ಟಾರ್‌ನ ಅಳೆದೇ ಇಲ್ಲ ಅನ್ಸುತ್ತೆ ಮಿಸೆಸ್ ಪರ್ಡಿ."

"ಮತ್ತೆ ಇಷ್ಟು ದಿನ ಏನನ್ನ ಅಳೀತಿದ್ದ?"

"ನಮ್ಮನ್ನ."

ಡಾಟ್ ಪರ್ಡಿ ಅಮ್ಮನ ಕಡೆ ನೋಡಿದರು. ಅಮ್ಮ ದೂರದ ಬೆಟ್ಟ ನೋಡುತ್ತಿದ್ದಳು. ಅವಳ ತುಟಿಯ ಒಂದು ತುದಿ ಸ್ವಲ್ಪ ಮೇಲಕ್ಕೆ ಹೋಗಿತ್ತು.

"ಯಾವ ಕೆಲಸಕ್ಕೆ ತಗೊಂಡು ಹೋದನೋ ಅದು ಮುಗೀದೆ ನಾನು ವಾಪಸ್ ತಗೊಳಲ್ಲ," ಎಂದರು ಡಾಟ್ ಪರ್ಡಿ. "ಕುದುರೆ ಇಳಿಸು. ನೀನೇ ಅಳೀಬೇಕು. ನಾನು ನೋಡ್ತೀನಿ."

ಅಮ್ಮ ಟಾರ್‌ನ ಹಗ್ಗ ಹಿಡಿದಳು. ಹೆನ್ನಿ ಸಿಮೆಂಟು ನೆಲದ ಮೇಲೆ ಅದರ ನಾಲ್ಕೂ ಕಾಲು ಸಮವಾಗಿ ಬರುವ ತನಕ ಕಾದಳು. ಕೋಲು ನಿಲ್ಲಿಸಿದಳು. ಹಿತ್ತಾಳೆಯ ತೋಳನ್ನು ಟಾರ್‌ನ ಹೆಗಲ ಉಬ್ಬಿಗೆ ಇಳಿಸಿದಳು. ಟಾರ್ ಮೈ ನಡುಗಿಸಿತು. ರಸಮಟ್ಟದ ಗುಳ್ಳೆ ಆ ಕಡೆ ಓಡಿ, ಈ ಕಡೆ ಓಡಿ, ನಡುವೆ ಬಂದು ನಿಂತಿತು.

"ಅವಸರ ಬೇಡ," ಎಂದರು ಡಾಟ್ ಪರ್ಡಿ. "ಇನ್ನೊಂದು ಸಲ ಓದು."

ಹೆನ್ನಿ ಇನ್ನೊಂದು ಸಲ ಓದಿದಳು. "ಹದಿನಾಲ್ಕು, ಒಂದು."

"ಹದಿನಾಲ್ಕು ಎರಡರವರೆಗೂ ಪೋನಿ. ಒಂದಿಂಚಲ್ಲಿ ಉಳ್ಕೊಂಡ ನಿನ್ನ ದೊರೆ. ಈ ವರ್ಷ ಆಡಲಿ."

ಹೆನ್ನಿ ಅವರ ಜೇಬಿನಲ್ಲಿದ್ದ ಪೆನ್ಸಿಲ್ ಕೇಳಿ ಪಡೆದು ಟ್ರೇಲರಿನೊಳಗೆ ಹೋದಳು. ಎಂ 16.1ರ ಕೆಳಗೆ, ಅಪ್ಪನ ಅಂಕಿಗಳಷ್ಟೇ ದಪ್ಪವಾಗಿ, ಟಾರ್ 14.1 ಎಂದು ಬರೆದಳು. ಚುಕ್ಕಿಯನ್ನು ಒತ್ತಿ ಇಟ್ಟಳು.

ಹೊರಗೆ ಬಂದು ಕೋಲನ್ನು ತನ್ನ ತೋಳಿನ ಬಟ್ಟೆಯಿಂದ ಒರೆಸಿದಳು. ಹಿತ್ತಾಳೆಯ ತೋಳನ್ನು ಕೆಳಕ್ಕೆ ಸರಿಸಿ ತಿರುಪು ಬಿಗಿದಳು. ಎರಡೂ ಕೈಯಿಂದ ಮುಂದೆ ಹಿಡಿದಳು.

"ತಗೊಳ್ಳಿ ಮಿಸೆಸ್ ಪರ್ಡಿ. ತಡ ಆಯ್ತು."

"ಆಯ್ತು ಬಿಡು," ಎಂದರು ಅವರು. ಕೋಲು ತೆಗೆದುಕೊಂಡು ಲಾಯದ ಒಳಗೆ ಹೋದರು. ಅದನ್ನು ಮೊಳೆಗೆ ತೂಗುಹಾಕಿದ ಸದ್ದು ಕೇಳಿಸಿತು.

ಹೆನ್ನಿ ಟಾರ್‌ನ ಪಕ್ಕ ನಿಂತಳು. ಖಾಲಿಯಾದ ಕೈಯನ್ನು ಅದರ ಬೆಚ್ಚನೆಯ ಮೈಮೇಲೆ ಅಡ್ಡವಾಗಿಟ್ಟು ನೋಡಿದಳು. ಒಂದು ಹಿಡಿಯಾಗಲು ಇನ್ನೂ ಮುಕ್ಕಾಲು ಇಂಚು ಬೇಕಿತ್ತು.

ಅವಳು ಕೈ ತೆಗೆಯಲಿಲ್ಲ. ಅದರ ಮೇಲೆ ಇನ್ನೊಂದು ಕೈ ಇಟ್ಟು, ಅಳೆಯುತ್ತ ಮೇಲಕ್ಕೆ ಹೋದಳು.